ಉಚಿತವಾಗಿ ಕೊಡುತ್ತೇವೆ ಎನ್ನುವ ಟರ್ಕಿ ಕೋಳಿಗಳನ್ನು ಬರಹ ಪಡೆಯದೆ ಮನೆಗೆ ತರಬೇಡಿ

“ಟರ್ಕಿ ಕೋಳಿ ಸಾಕಲಾಗುತ್ತಿಲ್ಲ, ಹಣ ಬೇಡ, ಒಳ್ಳೆಯ ಮನೆ ಸಿಕ್ಕರೆ ಸಾಕು” ಎಂಬ ಸಂದೇಶ ಕಳೆದ ವಾರ ನೆಲಮಂಗಲದ ನನ್ನ ಪರಿಚಿತರೊಬ್ಬರಿಗೆ ಬಂದಿದೆ. ಅದರ ಜೊತೆಗಿದ್ದ ಚಿತ್ರವನ್ನು ನೋಡಿದ ಕೂಡಲೇ ಆ ಶೆಡ್ಡನ್ನೂ, ಅದರ ಹರಿದ ತಂತಿಬಲೆಯ ಬಾಗಿಲನ್ನೂ ಗುರುತಿಸಿದೆ. ಕಳೆದ ಜುಲೈಯಲ್ಲಿ ಇದೇ ಮಾತನ್ನು ನಂಬಿ, ಇದೇ ಶೆಡ್ಡಿನಿಂದ, ಐದು ಹಕ್ಕಿಗಳನ್ನು ತುಮಕೂರಿನ ಹೊರವಲಯದಲ್ಲಿರುವ ನಮ್ಮ ಮನೆಗೆ ತಂದವಳು ನಾನು. ಡಿಸೆಂಬರ್ 20ರಂದು ಅವುಗಳಲ್ಲಿ ಬದುಕಿದ್ದ ನಾಲ್ಕನ್ನು ಕ್ರಿಸ್‌ಮಸ್ ಮಾಂಸಕ್ಕೆ ಕಳೆದುಕೊಂಡೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಇನ್ನೊಬ್ಬರ ಮನೆಯಲ್ಲಿ ಇದು ನಡೆಯಬಾರದು.

ಅವುಗಳನ್ನು ತಂದ ದಿನ ಹೇಗಿದ್ದವು ಎಂಬುದನ್ನು ಮೊದಲು ಹೇಳಬೇಕು. ಬ್ರಾಯ್ಲರ್ ಕೋಳಿಗಳ ಜೊತೆಯಲ್ಲೇ ಕೂಡಿಹಾಕಿ, ಅವುಗಳ ಮೇವನ್ನೇ ಇವಕ್ಕೂ ಹಾಕುತ್ತಿದ್ದರು. ಎರಡೂ ತಪ್ಪು. ಬ್ರಾಯ್ಲರ್ ಮೇವಿಗೆ ಬೆರೆಸುವ ಸ್ಯಾಲಿನೋಮೈಸಿನ್ ಎಂಬ ಔಷಧ ಟರ್ಕಿಗೆ ವಿಷವಾಗಿ ಕಾಲುಗಳ ಬಲವನ್ನೇ ಕಸಿಯುತ್ತದೆ. ಕೋಳಿಗಳ ಕರುಳಿನ ಹುಳುವಿನ ಮೊಟ್ಟೆಯಲ್ಲಿ ಅಡಗಿ ಬರುವ ‘ಬ್ಲ್ಯಾಕ್‌ಹೆಡ್’ ರೋಗಾಣು ಕೋಳಿಗೆ ಹೆಚ್ಚು ತೊಂದರೆ ಕೊಡದಿದ್ದರೂ ಟರ್ಕಿಯನ್ನು ಕೊಲ್ಲುತ್ತದೆ. ಹೇಂಟೆಯೊಂದು ಗಂಧಕದಂತಹ ಹಳದಿ ಹಿಕ್ಕೆ ಹಾಕುತ್ತಾ ಒಂಬತ್ತನೆಯ ದಿನ ಸತ್ತಿತು. ಪಶುವೈದ್ಯರು ಅದನ್ನು ಕೊಯ್ದು, ಯಕೃತ್ತಿನ ಮೇಲೆ ನಾಣ್ಯವೊತ್ತಿದಂತೆ ಎದ್ದಿದ್ದ ಗುಂಡು ಕಲೆಗಳನ್ನು ನನಗೆ ತೋರಿಸಿದರು.

ಉಳಿದ ನಾಲ್ಕನ್ನು ಉಳಿಸಿಕೊಂಡೆ. ಗಂಡಿನ ಎರಡೂ ಅಂಗಾಲುಗಳಲ್ಲಿ ಕೀವು ಕಟ್ಟಿ ಕಪ್ಪು ಹೆಕ್ಕಳೆಯ ಗಂಟುಗಳಾಗಿದ್ದವು. ದಿನಕ್ಕೆ ಎರಡು ಬಾರಿ ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು, ಬೆಚ್ಚಗಿನ ಉಪ್ಪುನೀರಿನಲ್ಲಿ ಕಾಲದ್ದಿ, ಅಯೋಡಿನ್ ಹಚ್ಚಿ ಪಟ್ಟಿ ಕಟ್ಟುತ್ತಿದ್ದೆ. ಮೊದಲು ಬೂದಿಯಂತೆ ಬಿಳಿಚಿಕೊಂಡಿದ್ದ ಅದರ ಬೋಳುತಲೆ, ಸೆಪ್ಟೆಂಬರಿನ ಒಂದು ಬೆಳಿಗ್ಗೆ ನನ್ನ ದನಿ ಕೇಳಿದೊಡನೆ ನೀಲಿಯಾಗಿ, ಕೊರಳಿನ ಗುಳ್ಳೆಗಳು ಕೆಂಪೇರಿ, ಬಾಲ ಬಿಚ್ಚಿ ನಿಂತಿತು. ಆ ಸಂತೋಷದಲ್ಲಿ ಚಿತ್ರ ತೆಗೆದು ಹಳೆಯ ಒಡೆಯನಿಗೂ ಕಳಿಸಿದೆ. “ನೋಡಿ, ನಿಮ್ಮ ಗಂಡು ಹೇಗೆ ಚೇತರಿಸಿಕೊಂಡಿದೆ” ಎಂದು ಬರೆದೆ. ‘ನಿಮ್ಮ’ ಎಂದು ಬರೆದೆ. ಮರ್ಯಾದೆಗೆ ಬರೆದ ಮಾತದು.

ಆತ ಪ್ರತಿ ಭಾನುವಾರ ತಪ್ಪದೆ ಸಂದೇಶ ಕಳಿಸುತ್ತಿದ್ದ. “ಅಕ್ಕಾ, ತೂಕ ಎಷ್ಟಾಯ್ತು?” ಇದೊಂದೇ ಪ್ರಶ್ನೆ. ಕಾಲಿನ ಗಾಯ ಹೇಗಿದೆ, ಸತ್ತದ್ದು ಯಾಕೆ ಸತ್ತಿತು, ಮೇವು ಏನು ಹಾಕುತ್ತೀರಿ ಎಂದು ಒಮ್ಮೆಯೂ ಕೇಳಲಿಲ್ಲ. ಬರೀ ತೂಕ. ಇದನ್ನು ಕಾಳಜಿ ಎಂದು ತಿಳಿದು, ಜುಲೈಯಲ್ಲಿ 4 ಕೆ.ಜಿ. ಇದ್ದ ಗಂಡು 5 ಆಯಿತು, 6 ಆಯಿತು, 7 ದಾಟಿತು ಎಂದು ವಾರವಾರವೂ ನಾನೇ ತೂಗಿ ಬರೆದು ಕಳಿಸಿದೆ.

ಡಿಸೆಂಬರ್ 20ರ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಇಬ್ಬರು ಹುಡುಗರನ್ನು ಕರೆದುಕೊಂಡು ಬಂದ. ಹಕ್ಕಿಗಳನ್ನು ನೋಡಲು ಬಂದಿದ್ದಾನೆಂದು ತಿಳಿದು ಕಾಫಿ ಕೊಟ್ಟೆ. ಹುಡುಗರಲ್ಲೊಬ್ಬ ಕೊಕ್ಕೆಯ ತಕ್ಕಡಿಯನ್ನು ನಮ್ಮ ಸೀಬೆ ಮರದ ಕೊಂಬೆಗೆ ನೇತುಹಾಕಿದಾಗಲೇ ಆ ಭಾನುವಾರಗಳೆಲ್ಲ ಒಟ್ಟಿಗೆ ನೆನಪಾಗಿ ಕೈಕಾಲು ತಣ್ಣಗಾದವು.

“ನನಗೆ ಕೊಟ್ಟಿದ್ದಿರಲ್ಲ” ಎಂದೆ. “ನೋಡ್ಕೊಳ್ಳಿ ಅಂತ ಬಿಟ್ಟಿದ್ದೆ ಮೇಡಂ, ಕೊಟ್ಟಿದ್ದೆ ಅಂತ ಎಲ್ಲಿ ಹೇಳಿದ್ದೀನಿ?” ಎಂದು ಮೊಬೈಲ್ ತೆಗೆದು, ನಾನೇ ಬರೆದ ‘ನಿಮ್ಮ ಗಂಡು’ ಎಂಬುದನ್ನು ತೋರಿಸಿದ. ಐದು ತಿಂಗಳಿಂದ ಅಕ್ಕ ಎನ್ನುತ್ತಿದ್ದವನು ಅಂದು ಮೇಡಂ ಎಂದ. ಮೇವಿಗೆ, ಔಷಧಕ್ಕೆ ಮೂವತ್ತು ಸಾವಿರಕ್ಕಿಂತ ಹೆಚ್ಚು ಖರ್ಚಾಗಿದೆ ಎಂದರೆ, “ಖರ್ಚು ಮಾಡಿ ಅಂತ ನಾನು ಹೇಳಿದ್ನಾ?” ಎಂದ. ಔಷಧ ಕೊಟ್ಟ ಹಕ್ಕಿಗಳಿವು, ತಿನ್ನಬಾರದೆಂದು ವೈದ್ಯರು ಹೇಳಿದ್ದಾರೆ ಎಂದರೆ, “ಬೇಯಿಸಿದ್ರೆ ಎಲ್ಲಾ ಹೋಗುತ್ತೆ” ಎಂದ. ಕೊನೆಗೆ, “ಐದು ಬಿಟ್ಟಿದ್ದೆ, ನಾಲ್ಕೇ ಇದಾವೆ. ಇನ್ನೊಂದರ ದುಡ್ಡು?” ಎಂದ.

ನಾನು ಕೊಟ್ಟೆ. ಅಕ್ಕಪಕ್ಕದವರು ಗೇಟಿನ ಹತ್ತಿರ ಸೇರುತ್ತಿದ್ದರು, ಕಳ್ಳಿಯೆಂಬಂತೆ ಆತ ದನಿ ಏರಿಸುತ್ತಿದ್ದ, ಒಳಗೆ ಹೋಗಿ 2,000 ರೂಪಾಯಿ ತಂದು ಕೊಟ್ಟೆ. ಅವನ ಶೆಡ್ಡಿನ ರೋಗದಿಂದ ಸತ್ತ ಹಕ್ಕಿಗೆ ನಾನು ಹಣ ಕೊಟ್ಟೆ. ಇದನ್ನು ನೆನೆದು ಇಂದಿಗೂ ರಾತ್ರಿ ನಿದ್ರೆ ಬರುವುದಿಲ್ಲ. ಪಟ್ಟಿ ಕಟ್ಟಿ ವಾಸಿ ಮಾಡಿದ್ದ ಅದೇ ಕಾಲುಗಳನ್ನು ಪ್ಲಾಸ್ಟಿಕ್ ಹಗ್ಗದಿಂದ ಬಿಗಿದು, ತಲೆಕೆಳಗಾಗಿ ತೂಗಿ, ಆಟೋದೊಳಗೆ ಎಸೆದರು. ಮಧ್ಯಾಹ್ನ ಠಾಣೆಗೆ ಹೋದರೆ ಅಲ್ಲಿಯೂ ಆ ‘ನಿಮ್ಮ’ ಎಂಬ ಪದವನ್ನೇ ಓದಿ, ಹಕ್ಕಿ ಅವರದೇ ಎಂದು ನೀವೇ ಬರೆದಿದ್ದೀರಲ್ಲ ಎಂದರು.

ಆದ್ದರಿಂದ, ಇಂತಹ ಹಕ್ಕಿಗಳನ್ನು ತರುವವರು ಮೊದಲ ದಿನವೇ ಎಷ್ಟು ಹಕ್ಕಿ, ಯಾವ ಸ್ಥಿತಿಯಲ್ಲಿ, ಶಾಶ್ವತವಾಗಿ ಕೊಟ್ಟಿದ್ದೇನೆ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಗಾಯಗಳ ಚಿತ್ರವನ್ನು ಅಲ್ಲೇ, ಆ ಶೆಡ್ಡಿನಲ್ಲೇ ತೆಗೆಯಿರಿ. ಸಾಕಿದ ಪ್ರಾಣಿಗೆ ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ; ಅಂದೇ ದೂರು ಕೊಡಬಹುದಿತ್ತು, ನಾನು ಕೊಡಲಿಲ್ಲ. ಮನೆಯಲ್ಲಿ ನಾಟಿ ಕೋಳಿಗಳಿದ್ದರೆ ಟರ್ಕಿಯನ್ನು ಅವುಗಳ ಅಂಗಳಕ್ಕೆ ಬಿಡಬೇಡಿ, ಆ ಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ತೂಕವನ್ನಂತೂ ಯಾರಿಗೂ ಬರೆದು ಕಳಿಸಬೇಡಿ.

ನೆಲಮಂಗಲದ ಪರಿಚಿತರು ನನ್ನ ಮಾತು ಕೇಳಿ, “ಬರೆದುಕೊಟ್ಟರೆ ನಾಳೆಯೇ ಬಂದು ಒಯ್ಯುತ್ತೇನೆ” ಎಂದು ಆತನಿಗೆ ತಿಳಿಸಿದರು. ಅಂದಿನಿಂದ ಆತ ಅವರ ಫೋನ್ ಎತ್ತುತ್ತಿಲ್ಲ.