ಫಿಲ್ಲರ್, ಕೊಂಡ ಪಿಸ್ಟನ್, ಕೈಯಾರೆ ಮಾಡಿದ ಪಿಸ್ಟನ್: ನಾನು ಮಾಡಿಕೊಂಡ ಮೂರು ಇಂಕ್ ಪೆನ್ನು

ಮೂರೂ ಪೆನ್ನಿನಲ್ಲಿ ಅರ್ಧರ್ಧ ಶಾಯಿ ಉಳಿಸಿ, ಬ್ಯಾಗಿನಲ್ಲಿ ಅಡ್ಡ ಮಲಗಿಸಿ, ತುಮಕೂರಿನಿಂದ ದೇವರಾಯನದುರ್ಗದ ಬೆಟ್ಟಕ್ಕೆ ಸ್ಕೂಟರಿನಲ್ಲಿ ಹೋದೆ. ಮೇಲೆ ನಿಂತು ಮುಚ್ಚಳ ತೆಗೆದರೆ ಒಂದು ಪೆನ್ನು ಮುಚ್ಚಳದ ತುಂಬ ಕಾರಿತ್ತು. ಇನ್ನೊಂದರ ನಿಬ್ಬಿನ ಬುಡ ಒದ್ದೆಯಾಗಿತ್ತು. ಮೂರನೆಯದರಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

ಮೂರನ್ನೂ ಎರಡು ವರ್ಷದಲ್ಲಿ ನಾನೇ ಲೇತಿನ ಮೇಲೆ ಮಾಡಿಕೊಂಡದ್ದು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು, ಟರ್ನರ್ ಅಲ್ಲ. ಹಿರೇಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪಿನ ಯಜಮಾನರು ಭಾನುವಾರಗಳಲ್ಲಿ ಲೇತ್ ಬಿಟ್ಟುಕೊಟ್ಟರು, ಕೈಹಿಡಿದು ಕಲಿಸಿದರು. ಅವರು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದವರು, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಒಪ್ಪದವರು. ಹೋಲಿಕೆ ನ್ಯಾಯವಾಗಿರಲಿ ಅಂತ ಮೂರಕ್ಕೂ ಒಂದೇ ಜಾತಿಯ ನಿಬ್ಬು ಹಾಕಿದೆ: ಜರ್ಮನಿಯ ಜೋವೊ 6ನೇ ನಂಬರು, ಮೀಡಿಯಂ. ಅದು ಕೂರುವ ತಿರುಪಿನ ಥ್ರೆಡ್ಡು 7.4 ಮಿ.ಮೀ., ಪಿಚ್, ಅಂದರೆ ಸುತ್ತಿನಿಂದ ಸುತ್ತಿಗೆ ದೂರ, ಅರ್ಧ ಮಿ.ಮೀ. ನಮ್ಮೂರಿನ ಟೂಲ್ಸ್ ಅಂಗಡಿಗಳಲ್ಲಿ ಆ ಥ್ರೆಡ್ಡು ಕೊರೆಯುವ ಟ್ಯಾಪ್ ಸಿಗಲಿಲ್ಲ, ತರಿಸಿಕೊಂಡೆ. ಶಾಯಿ ಮೂರಕ್ಕೂ ಬ್ರಿಲ್ ರಾಯಲ್ ಬ್ಲೂ.

ಮೊದಲನೆಯದು ಎಬೊನೈಟಿನ ಫಿಲ್ಲರ್ ಪೆನ್ನು. ನಮ್ಮ ಅಪ್ಪನ ಕಾಲದವರೆಲ್ಲ ಬರೆದದ್ದು ಇಂಥದ್ದರಲ್ಲೇ: ಕತ್ತು ತಿರುಗಿಸಿ ಬಿಚ್ಚಿ, ಫಿಲ್ಲರಿನಿಂದ ಶಾಯಿ ಬಿಟ್ಟು, ಮತ್ತೆ ಬಿಗಿಯುವುದು. ಎಬೊನೈಟ್ ಅಂದರೆ ಗಂಧಕ ಬೆರೆಸಿ ಬೇಯಿಸಿ ಗಟ್ಟಿ ಮಾಡಿದ ರಬ್ಬರು. ರಾಜಮಂಡ್ರಿಯ ಹೆಸರಾದ ರತ್ನಂ ಪೆನ್ನುಗಳನ್ನು ಮಾಡುವುದೂ ಇದರಿಂದ. ಲೇತಿಗೆ ಇದರಷ್ಟು ಸೌಮ್ಯವಾದ ವಸ್ತು ನಾನು ಕಂಡಿಲ್ಲ. ಟೂಲ್ ಚೂಪಾಗಿದ್ದರೆ ಉದ್ದುದ್ದ ರಿಬ್ಬನ್ನಿನಂತೆ ಸುಲಿದು ಬರುತ್ತದೆ. ವರ್ಕ್‌ಶಾಪಿನ ತುಂಬ ಗಂಧಕದ ವಾಸನೆ. ಆರು ಗಂಟೆಯಲ್ಲಿ ಪೆನ್ನು ಮುಗಿಯಿತು. ಒಳಗೆ 9 ಮಿ.ಮೀ. ತೂತು, 48 ಮಿ.ಮೀ. ಆಳ, ಲೆಕ್ಕ ಹಾಕಿದರೆ 3 ಮಿ.ಲೀ. ಶಾಯಿ. ಒಮ್ಮೆ ತುಂಬಿದರೆ ಹದಿನೈದು ದಿನ ಯೋಚನೆಯಿಲ್ಲ. ತೊಳೆಯುವುದೂ ಸುಲಭ, ನಲ್ಲಿಯ ಕೆಳಗೆ ಹಿಡಿದರೆ ಆಯಿತು.

ಬೆಟ್ಟದ ಮೇಲೆ ಕಾರಿದ್ದು ಇದೇ. ಯಾಕೆ ಅಂತ ಅಲ್ಲೇ ಕೂತು ಲೆಕ್ಕ ಹಾಕಿದೆ. ಊರಿಗಿಂತ ಸುಮಾರು 350 ಮೀಟರ್ ಮೇಲೆ ಹೋದರೆ ಗಾಳಿಯ ಒತ್ತಡ ನೂರಕ್ಕೆ ನಾಲ್ಕರಷ್ಟು ಇಳಿಯುತ್ತದೆ. ಪೆನ್ನಿನೊಳಗಿನ ಒಂದೂವರೆ ಮಿ.ಲೀ. ಗಾಳಿ ಅಷ್ಟೇ ಪಾಲು ಹಿಗ್ಗಿ 0.06 ಮಿ.ಲೀ. ಶಾಯಿಯನ್ನು ಹೊರಗೆ ತಳ್ಳುತ್ತದೆ. ಅದು ಒಂದು ತೊಟ್ಟಿಗಿಂತ ಹೆಚ್ಚು. ಬೆಟ್ಟವೇ ಬೇಕೆಂದಿಲ್ಲ. ಅಂಗೈಯ ಬಿಸಿ ತಾಗಿದರೂ ಇದೇ ಆಗುತ್ತದೆ, ಅದೂ ಶಾಯಿ ಕಾಲು ಭಾಗಕ್ಕೆ ಇಳಿದಾಗ. ಪರೀಕ್ಷೆ ಪತ್ರಿಕೆ ತಿದ್ದುವಾಗ ಯಾವುದೋ ಮಗುವಿನ ಉತ್ತರದ ಮೇಲೆ ತೊಟ್ಟು ಬಿದ್ದ ದಿನವೇ ಪಿಸ್ಟನ್ ಪೆನ್ನು ಮಾಡಲೇಬೇಕು ಅನ್ನಿಸಿತು. ಬಾಲದ ಗುಬುಟು ತಿರುಗಿಸಿದರೆ ಒಳಗಿನ ಪಿಸ್ಟನ್ ಹಿಂದೆ ಸರಿದು ನಿಬ್ಬಿನ ಮೂಲಕ ಶಾಯಿ ಎಳೆದುಕೊಳ್ಳುವ ಪೆನ್ನು ಅದು. ಅದರಲ್ಲಿ ಒಟ್ಟು ಜಾಗವೇ ಕಡಿಮೆ. ಅರ್ಧ ಖಾಲಿಯಾದರೂ ಒಳಗಿನ ಗಾಳಿ ಸುಮಾರು 0.6 ಮಿ.ಲೀ. ಅಷ್ಟೇ. ಹೊರಬರುವ ಅರ್ಧ ತೊಟ್ಟನ್ನು ನಿಬ್ಬಿನ ಕೆಳಗಿನ ನಾಲಿಗೆಯ ಸೀಳುಗಳೇ ಹಿಡಿದಿಟ್ಟುಕೊಳ್ಳುತ್ತವೆ. ಬೇಕೆಂದರೆ ಗುಬುಟು ತಿರುಗಿಸಿ ಗಾಳಿಯನ್ನು ಮೊದಲೇ ಹೊರಗೆ ಹಾಕಲೂಬಹುದು.

ಎರಡನೆಯದರಲ್ಲಿ ಒಂದು ಅಡ್ಡದಾರಿ ಹಿಡಿದೆ. ಅಗ್ಗದ ಪಾರದರ್ಶಕ ಪೆನ್ನೊಂದನ್ನು ಕೊಂಡು, ಅದರ ಪಿಸ್ಟನ್ ಬಿಚ್ಚಿ, ನಾನು ಮಾಡಿದ ಅಕ್ರಿಲಿಕ್ ಕೊಳವೆಗೆ ಕೂರಿಸಿದೆ. ಮೊದಲ ಪಿಸ್ಟನ್ ಪೆನ್ನಿಗೆ ಇದು ಒಳ್ಳೆಯ ದಾರಿ. ಗುಬುಟಿನ ಥ್ರೆಡ್ಡು, ದಂಡ ತಿರುಗದಂತೆ ತಡೆಯುವ ತೋಡು, ಗಾಳಿ ಶಾಯಿ ನುಸುಳದಂತೆ ತಡೆಯುವ ಸೀಲು, ಎಲ್ಲವೂ ಸಿದ್ಧವಾಗಿ ಬರುತ್ತವೆ. ಉಳಿಯುವುದು ಕೊಳವೆ ಮಾತ್ರ. ಒಂಬತ್ತು ಗಂಟೆಯ ಕೆಲಸ, ಶಾಯಿ ಒಂದು ಮಿ.ಲೀ.ಗಿಂತ ಸ್ವಲ್ಪ ಕಡಿಮೆ.

ಸೋತದ್ದು ಆ ಕೊಳವೆಯಲ್ಲೇ. ಕೊಂಡ ಪೆನ್ನಿನ ಸೀಲು ಅದೇ ಕಂಪನಿಯ ಅಚ್ಚಿನಲ್ಲಿ ಎರಕವಾದ ಕೊಳವೆಗೆ ಹೊಂದುವಂಥದ್ದು. ನಾನು ಡ್ರಿಲ್ಲಿನಿಂದ ನೇರ ಅದೇ ಅಳತೆಗೆ ಕೊರೆದೆ. ಕಣ್ಣಿಗೆ ದುಂಡಗೆ ಕಂಡರೂ ಡ್ರಿಲ್ ಬಿಟ್ಟ ಸುರುಳಿ ಗೀರುಗಳು ಒಳಗೆ ಉಳಿದಿದ್ದವು. ಆ ಗೀರುಗುಂಟ ಸೀಲಿನ ಹಿಂದಿನಿಂದ ಗಾಳಿ ನುಸುಳುತ್ತದೆ. ಪೆನ್ನಿನೊಳಗಿನ ಒತ್ತಡ ಹೊರಗಿಗಿಂತ ಒಂದಿಷ್ಟು ಕಡಿಮೆ ಇರುವುದರಿಂದಲೇ ಶಾಯಿ ನಿಲ್ಲುವುದು. ಗಾಳಿ ಹಿಂದಿನಿಂದ ಬಂದರೆ ಶಾಯಿ ಮುಂದಿನಿಂದ ಇಳಿಯುತ್ತದೆ. ನಿಬ್ಬಿನ ಬುಡ ಒದ್ದೆಯಾದದ್ದು ಹೀಗೆ. ಪೆನ್ನು ನೋಡಿದ ಯಜಮಾನರು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಿದರು. "ಮೇಷ್ಟ್ರೇ, ಇದು ಡ್ರಿಲ್ ಹೊಡೆದದ್ದು. ಬೋರ್ ಮಾಡಿದ್ದಲ್ಲ," ಅಂದರು. ತೂತನ್ನು ನಯ ಮಾಡಿ ಸರಿ ಅಳತೆಗೆ ತಂದಿಲ್ಲ ಅಂತ ಅರ್ಥ.

ಮೂರನೆಯದಕ್ಕೆ ಎಲ್ಲವನ್ನೂ ನಾನೇ ಮಾಡಿದೆ. ಮೂವತ್ತೊಂದು ಗಂಟೆ ಹಿಡಿಯಿತು, ಎರಡು ಕೊಳವೆ ಹಾಳಾದವು. ಅರ್ಧಕ್ಕಿಂತ ಹೆಚ್ಚು ಹೊತ್ತು ಹೋದದ್ದು ಆ 8.5 ಮಿ.ಮೀ. ತೂತಿಗೆ, ಆ ಹೊತ್ತಿನ ಒಂದು ನಿಮಿಷವೂ ವ್ಯರ್ಥವಾಗಲಿಲ್ಲ. ಮೊದಲು 8.2ಕ್ಕೆ ಡ್ರಿಲ್, ಸ್ವಲ್ಪ ಸ್ವಲ್ಪವೇ ಒಳಗೆ ಬಿಟ್ಟು ಹೊರಗೆ ತೆಗೆದು, ಸೋಪಿನ ನೀರು ಬಿಡುತ್ತ. ಅಕ್ರಿಲಿಕ್ ಬಿಸಿಯಾದರೆ ಕರಗಿ ಡ್ರಿಲ್ಲಿಗೇ ಅಂಟುತ್ತದೆ. ಮೊದಲ ಕೊಳವೆ ಹಾಗೇ ಹೋಯಿತು. ಆಮೇಲೆ ನಿಧಾನ ವೇಗದಲ್ಲಿ 8.5ರ ರೀಮರ್, ಅಂದರೆ ತೂತನ್ನು ಕೊಂಚವೇ ಕೆರೆದು ನಯವಾಗಿ ಅಳತೆಗೆ ತರುವ ಟೂಲ್. ಆಮೇಲೆ ಮರದ ಕಡ್ಡಿಗೆ ವಾಟರ್ ಪೇಪರ್ ಸುತ್ತಿ ಉಜ್ಜಿದ್ದು, 800, 1200, 2000 ನಂಬರು, ಒಂದಕ್ಕಿಂತ ಒಂದು ನಯ. ಕೊನೆಗೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಪಾಲಿಶ್. ಎರಡನೆಯ ಕೊಳವೆಯನ್ನು ಸ್ಪಿರಿಟ್ಟಿನಿಂದ ಒರೆಸಿದೆ, ಮಾರನೆಯ ದಿನಕ್ಕೆ ಒಳಗೆಲ್ಲ ಕೂದಲೆಳೆ ಬಿರುಕು. ಲೇತಿನ ಒತ್ತಡ ಒಳಗೆ ಉಳಿದ ಅಕ್ರಿಲಿಕ್ಕಿಗೆ ಸ್ಪಿರಿಟ್ ತಾಗಿಸಬಾರದು. ಮೂರನೆಯದನ್ನು ಒವನ್ನಿನಲ್ಲಿ 80 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು, ಒಳಗೇ ಆರಲು ಬಿಟ್ಟೆ. ಅದೇ ಇವತ್ತಿನವರೆಗೆ ಬಂದಿದೆ.

ಪಿಸ್ಟನ್ನಿನ ಯಂತ್ರ ಇದಕ್ಕೆ ಹೋಲಿಸಿದರೆ ಸರಳ. ಪೆಲಿಕನ್ ಕಂಪನಿ 1929ರಲ್ಲಿ ಹೊರತಂದ ಪೆನ್ನಿನಲ್ಲಿ ಥಿಯೊಡರ್ ಕೊವಾಚ್ ಎಂಬ ಎಂಜಿನಿಯರನ ಯುಕ್ತಿ ಇದೆ: ಎರಡು ಥ್ರೆಡ್ಡುಗಳು ಒಟ್ಟಿಗೆ ಕೆಲಸ ಮಾಡಿ, ಗುಬುಟು ಸ್ವಲ್ಪ ತಿರುಗಿಸಿದರೂ ಪಿಸ್ಟನ್ ಬಹಳ ದೂರ ಚಲಿಸುತ್ತದೆ. ನಾನು ಅಷ್ಟಕ್ಕೆ ಹೋಗಲಿಲ್ಲ. ಗುಬುಟು ಇದ್ದಲ್ಲೇ ತಿರುಗುತ್ತದೆ, ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ದಂಡ ಹಿಂದೆ ಮುಂದೆ ಹೋಗುತ್ತದೆ. ದಂಡದ ಎರಡು ಬದಿ ಚಪ್ಪಟೆ ಮಾಡಿ ಅದೇ ಆಕಾರದ ತೂತಿನಲ್ಲಿ ಹಾಯಿಸಿದರೆ ಅದು ಗುಬುಟಿನ ಜೊತೆ ತಿರುಗುವುದಿಲ್ಲ. ಮೊದಲು 1 ಮಿ.ಮೀ. ಪಿಚ್ಚಿನ ಮಾಮೂಲಿ ಥ್ರೆಡ್ಡು ಹಾಕಿದ್ದೆ, 22 ಮಿ.ಮೀ. ಚಲಿಸಲು 22 ಸುತ್ತು. ದಿನಾ ಬಳಸುವ ಪೆನ್ನಿಗೆ ಅದು ಬೇಸರ. ಯಜಮಾನರು ಕೂತು ಎರಡೆಳೆಯ ಥ್ರೆಡ್ಡು ಹಾಕಿಸಿದರು, 11 ಸುತ್ತಿಗೆ ಇಳಿಯಿತು. ಒಳಗಿನ ಬಳೆಯಂಥ ಕಾಲರ್ ಬಿಚ್ಚಿಕೊಳ್ಳದಂತೆ ಥ್ರೆಡ್ಡಿಗೆ ಅರಗು ಹಚ್ಚಿದ್ದೇನೆ. ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ಬೇಕಾದಾಗ ಬಿಚ್ಚಬಹುದು.

ಸೀಲಿನಲ್ಲಿ ಎರಡು ಬಗೆ ನೋಡಿದೆ. ರಬ್ಬರ್ ಒ-ರಿಂಗ್ ಅಗ್ಗ, ಎಲ್ಲೆಡೆ ಸಿಗುತ್ತದೆ. ಒಂದೂವರೆ ಮಿ.ಮೀ. ದಪ್ಪದ ರಿಂಗಿಗೆ ಅದು ಕೂರುವ ತೋಡಿನ ಆಳ 1.35 ಇಟ್ಟರೆ ನೂರಕ್ಕೆ ಹತ್ತರಷ್ಟು ಅದುಮಿಕೊಂಡು ಕೂರುತ್ತದೆ. ಗಾಳಿ ಬಿಡುವುದಿಲ್ಲ ನಿಜ, ಆದರೆ ಎರಡು ವಾರ ತಿರುಗಿಸದೆ ಬಿಟ್ಟರೆ ಕಚ್ಚಿಕೊಳ್ಳುತ್ತದೆ. ಗುಬುಟು ಹಿಡಿದಾಗ ದಂಡ ಮುರಿಯುತ್ತೋ ಅಂತ ಭಯ. ಟೆಫ್ಲಾನ್ ಸರಳಿನಿಂದ ಬಟ್ಟಲಿನಂಥ ಸೀಲು ಕಡೆದೆ. ಅಂಚು ತೆಳ್ಳಗೆ, ಕೊಳವೆಗಿಂತ ಕೂದಲಷ್ಟು ದೊಡ್ಡದು. ಅದು ಬೆಣ್ಣೆಯಲ್ಲಿ ಜಾರಿದಂತೆ ಹೋಗುತ್ತದೆ. ಆದರೆ ಕೊಳವೆಯಲ್ಲಿ ಒಂದು ಗೀರಿದ್ದರೂ ಟೆಫ್ಲಾನ್ ಕ್ಷಮಿಸುವುದಿಲ್ಲ, ರಬ್ಬರು ಕ್ಷಮಿಸುತ್ತದೆ. ನನ್ನ ಕೊಳವೆ ಕನ್ನಡಿಯಂತೆ ಆದ ಮೇಲೆ ಟೆಫ್ಲಾನನ್ನೇ ಉಳಿಸಿಕೊಂಡೆ. ಎರಡಕ್ಕೂ ಶುದ್ಧ ಸಿಲಿಕೋನ್ ಗ್ರೀಸು ಒಂದು ಸವರು ಸಾಕು. ವ್ಯಾಸಲೀನ್ ಬೇಡ, ಕೆಲವು ಜಾತಿಯ ರಬ್ಬರನ್ನು ಅದು ಉಬ್ಬಿಸುತ್ತದೆ.

ಕತ್ತು, ಮುಚ್ಚಳ, ಗುಬುಟು ಮೂರನ್ನೂ ಎಬೊನೈಟಿನಲ್ಲೇ ಮಾಡಿದೆ, ಬೆರಳಿಗೆ ಅದರ ಬೆಚ್ಚಗಿನ ಹಿಡಿತ ಅಕ್ರಿಲಿಕ್ಕಿಗೆ ಬರುವುದಿಲ್ಲ. ಶಾಯಿ 1.25 ಮಿ.ಲೀ. ಹಿಡಿಯುತ್ತದೆ. ಎಷ್ಟು ಉಳಿದಿದೆ ಅಂತ ಕೊಳವೆಯಲ್ಲೇ ಕಾಣುತ್ತದೆ. ಬಣ್ಣ ಬದಲಿಸುವಾಗ ಮಾತ್ರ ಕಷ್ಟ, ಹದಿನೈದು ಸಲ ನೀರು ಎಳೆದು ಬಿಡಬೇಕು. ಬಾಟಲಿಯಲ್ಲಿ ಶಾಯಿ ತಳ ಮುಟ್ಟಿದಾಗ ನಿಬ್ಬು ಪೂರ್ತಿ ಮುಳುಗುವುದಿಲ್ಲ, ಗಾಳಿಯನ್ನೇ ಎಳೆಯುತ್ತದೆ.

ಮನೆಯಲ್ಲೇ ಮೇಜಿನ ಮುಂದೆ ಕೂತು ಪುಟಗಟ್ಟಲೆ ಬರೆಯುವವರು ಫಿಲ್ಲರ್ ಪೆನ್ನನ್ನೇ ಮಾಡಿಕೊಳ್ಳಲಿ. ಅದರ ಸರಳತೆಗೆ ಸಾಟಿಯಿಲ್ಲ, ನನ್ನ ದಿನಚರಿ ಈಗಲೂ ಅದರಲ್ಲೇ. ಓಡಾಡುವವರಿಗೆ ಪಿಸ್ಟನ್ನು. ಕೊಂಡ ಪಿಸ್ಟನ್ನಿನಿಂದ ಶುರು ಮಾಡಿದರೂ ರೀಮರಿಗೆ ಮಾತ್ರ ಮೊದಲೇ ದುಡ್ಡು ಹಾಕಿ. ನನ್ನ ಎರಡನೆಯ ಪೆನ್ನಿಗೂ ಹೊಸ ಕೊಳವೆ ಕೊರೆದಿದ್ದೇನೆ, ಈ ಸಲ ರೀಮರ್ ಹೊಡೆದು. ಒಳಗೆ 1200ರ ಪೇಪರ್‌ವರೆಗೆ ಉಜ್ಜಿಯಾಗಿದೆ. ಬರುವ ಭಾನುವಾರ ಪಾಲಿಶ್ ಮುಗಿದರೆ ಅದೇ ಹಳೆಯ ಸೀಲು ಹಾಕಿ ಮತ್ತೆ ಬೆಟ್ಟ ಹತ್ತಿಸಬೇಕು.