ಕಚ್ಚಿಕೊಳ್ಳುವ ದವಡೆಗೆ ಬೊಟಾಕ್ಸ್ ಸರಿ, ತೆರೆದುಕೊಳ್ಳುವ ದವಡೆಗೆ ಎಚ್ಚರ

ಮಾತಾಡುವಾಗ, ಅಗಿಯುವಾಗ ದವಡೆ ತಾನಾಗಿ ಬಿಗಿಯುವ, ತೆರೆದುಕೊಳ್ಳುವ ಅಥವಾ ಒಂದು ಬದಿಗೆ ಎಳೆಯುವ ಡಿಸ್ಟೋನಿಯಾಕ್ಕೆ ಇವತ್ತು ಇರುವ ಮದ್ದುಗಳಲ್ಲಿ, ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್‌ಗೇ ನಮ್ಮ ಮೊದಲ ಮತ. ಪ್ಯಾಸಿಟೇನ್, ಕ್ಲೋನಾಜೆಪಾಮ್ ಮಾತ್ರೆಗಳು ಕೆಲವರಿಗಷ್ಟೇ ಹಿಡಿಯುತ್ತವೆ. ಅದರಲ್ಲೂ ಪ್ಯಾಸಿಟೇನ್ ವಯಸ್ಸಾದವರಿಗೆ ಮರೆವು ತರುತ್ತದೆ, ಮೂತ್ರ ಕಟ್ಟಿಸುತ್ತದೆ.

ಆದರೆ ಸೂಜಿಗಿಂತ ಮೊದಲು ಕಾಯಿಲೆ ಯಾವುದೆಂದು ಗೊತ್ತಾಗಬೇಕು. ಎಷ್ಟೋ ಜನ ಹಲ್ಲಿನ ಡಾಕ್ಟರ ಹತ್ತಿರ ಕೀಲಿನ ತೊಂದರೆ ಎಂದೇ ವರ್ಷಗಟ್ಟಲೆ ಅಲೆಯುತ್ತಾರೆ. ಗಲ್ಲ ಮುಟ್ಟಿಕೊಂಡರೆ ಅಥವಾ ಚ್ಯೂಯಿಂಗ್ ಗಮ್ ಅಗಿದರೆ ಸೆಳೆತ ಸಡಿಲವಾಗುತ್ತದೆಯೇ, ನಿದ್ದೆಯಲ್ಲಿ ತಗ್ಗುತ್ತದೆಯೇ ಎಂದು ಕೇಳಿ. ಹೌದಾದರೆ ಡಿಸ್ಟೋನಿಯಾದ ಅನುಮಾನ ಬಲವಾಗುತ್ತದೆ. ವಾಂತಿಗೆ ಮೆಟೊಕ್ಲೋಪ್ರಮೈಡ್ ಅಥವಾ ಮಾನಸಿಕ ಕಾಯಿಲೆಗೆ ಹ್ಯಾಲೊಪೆರಿಡಾಲ್ ತೆಗೆದುಕೊಂಡ ಮೇಲೆ ಒಮ್ಮೆಲೇ ಶುರುವಾದ ಸೆಳೆತಕ್ಕೆ ಬೊಟಾಕ್ಸ್ ಬೇಡ, ಆ ಮದ್ದು ನಿಲ್ಲಿಸಿ ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಗಾಯವಾದ ಮೇಲೆ ಬಾಯಿ ಕಟ್ಟಿದರೆ ಧನುರ್ವಾಯು ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಬೊಟಾಕ್ಸ್‌ನ 100 ಯೂನಿಟ್‌ನ ವಯಲ್ (ಮದ್ದಿನ ಸೀಸೆ) ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. 2 ಮಿಲಿ ಸಲೈನ್ ಬೆರೆಸಿದರೆ 0.1 ಮಿಲಿಗೆ 5 ಯೂನಿಟ್. ಜೋರಾಗಿ ಅಲುಗಾಡಿಸಬಾರದು, ಬೆರೆಸಿದ್ದನ್ನು 24 ಗಂಟೆಯೊಳಗೆ ಬಳಸಬೇಕು. ಇದೇ ಬಗೆಯ ಇನ್ನೊಂದು ಬ್ರ್ಯಾಂಡ್ ಡಿಸ್ಪೋರ್ಟ್‌ನ ಯೂನಿಟ್ ಬೇರೆ; ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ಡೋಸೇ ತಪ್ಪುತ್ತದೆ.

ಕಚ್ಚಿಕೊಳ್ಳುವ ದವಡೆಯಲ್ಲಿ ಕೆಲಸ ಸುಲಭ. ಹಲ್ಲು ಬಿಗಿಹಿಡಿಸಿದರೆ ಕೆನ್ನೆಯ ಮ್ಯಾಸಿಟರ್ ಸ್ನಾಯು ಬೆರಳಿಗೇ ಸಿಗುತ್ತದೆ. ಪ್ರತಿ ಬದಿಗೆ ಸುಮಾರು 25ರಿಂದ 50 ಯೂನಿಟ್, ಬೇಕಾದರೆ ಕಣತಲೆಯ ಟೆಂಪೊರಾಲಿಸ್ ಸ್ನಾಯುವಿಗೂ ಸ್ವಲ್ಪ. ಮೊದಲ ಸಲ ಕಡಿಮೆಯಿಂದಲೇ ಶುರುಮಾಡುವುದು ಒಳ್ಳೆಯದು. ವಾರದೊಳಗೆ ಗುಣ ಕಾಣತೊಡಗಿ ಸುಮಾರು ಮೂರು ತಿಂಗಳು ನಿಲ್ಲುತ್ತದೆ.

ತೆರೆದುಕೊಳ್ಳುವ ದವಡೆಯದೇ ಕಷ್ಟ. ದವಡೆ ತೆರೆಸುವ ಲ್ಯಾಟರಲ್ ಟೆರಿಗಾಯ್ಡ್ ಸ್ನಾಯು ಒಳಗೆ ಆಳದಲ್ಲಿದೆ, ಕೈಗೆ ಸಿಗದು. ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ ತೋರಿಸುವ ಯಂತ್ರ) ಸೂಜಿಯಲ್ಲಿ ಸ್ನಾಯುವಿನ ಸದ್ದು ಕೇಳಿಯೇ ಮದ್ದು ಬಿಡಬೇಕು. ಗಲ್ಲದ ಕೆಳಗಿನ ಡೈಗ್ಯಾಸ್ಟ್ರಿಕ್ ಸ್ನಾಯುವಿಗೆ ಹೆಚ್ಚಾದರೆ ಮದ್ದು ಪಕ್ಕಕ್ಕೆ ಹರಡಿ ನುಂಗುವುದೇ ಕಷ್ಟವಾಗುತ್ತದೆ. ನೀರು ಕುಡಿದರೆ ಕೆಮ್ಮು ಬರುವುದು, ಮೂಗಿಗೆ ಏರುವುದು ಅದರ ಮೊದಲ ಲಕ್ಷಣ, ಕಂಡ ಕೂಡಲೇ ಡಾಕ್ಟರಿಗೆ ಹೇಳಬೇಕು. ಈ ಬಗೆಯ ಸೆಳೆತಕ್ಕೆ ಇಎಂಜಿ ಇಲ್ಲದ ಕಡೆ ಸೂಜಿ ಹಾಕಿಸಿಕೊಳ್ಳಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ, ಚಲನೆಯ ಕಾಯಿಲೆಗಳನ್ನೇ ನೋಡುವ ನರರೋಗ ವಿಭಾಗಕ್ಕೆ ಹೋಗಿ. ಪರಿಣಾಮ ಸಾಲದೆಂದು 12 ವಾರಕ್ಕೆ ಮೊದಲೇ ಮತ್ತೆ ಚುಚ್ಚಿಸಿಕೊಂಡರೆ, ದೇಹ ಪ್ರತಿಕಾಯ ಕಟ್ಟಿ ಮುಂದೆ ಮದ್ದೇ ನಾಟದೆ ಹೋಗುವ ಅಪಾಯವಿದೆ.