ಮಿನಿ ಟ್ರ್ಯಾಕ್ಟರ್ ಚಾರ್ಜ್ ಆಗದಿದ್ದಾಗ: ಬಲ್ಬು, ಮೀಟರು, ಕ್ಲ್ಯಾಂಪು, ಹೈಡ್ರೋಮೀಟರು – ನಾನು ನೋಡಿದ ಹಾಗೆ

ಕಳೆದ ಮಳೆಗಾಲದಲ್ಲಿ ನಮ್ಮ ಮಿನಿ ಟ್ರ್ಯಾಕ್ಟರ್ ಒಂದು ಕೆಟ್ಟ ಚಾಳಿ ಕಲಿತಿತ್ತು. ಎರಡು ದಿನ ಸರಿಯಾಗಿ ಸ್ಟಾರ್ಟ್ ಆಗುವುದು. ಮೂರನೇ ಬೆಳಿಗ್ಗೆ ಕೀ ತಿರುಗಿಸಿದರೆ ಬರೀ 'ಟಕ್'. ಸಾಗರದ ಕಡೆಯ ಅಡಿಕೆ ತೋಟ ನಮ್ಮದು. ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ, ಸುಣ್ಣ ಕಲೆಸಿದ ದ್ರಾವಣ, ಹೊಡೆಯುವ ದಿನಗಳು ಬೇರೆ. ಮಳೆ ಹೊಳವಾದ ಎರಡು ಮೂರು ಗಂಟೆಯಲ್ಲಿ ಕೆಲಸ ಮುಗಿಸಬೇಕು. ಆ ಹೊತ್ತಿಗೆ ಟ್ರ್ಯಾಕ್ಟರ್ ತಳ್ಳುತ್ತಾ ನಿಂತರೆ ಮುಗಿಯಿತು ಕಥೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. 4,500 ರೂಪಾಯಿ ಕೊಟ್ಟು ಹೊಸ ಬ್ಯಾಟರಿ ತಂದೆ, ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟೆ. ಮೂರು ವಾರಕ್ಕೆ ಹೊಸದೂ 'ಟಕ್' ಅಂದಿತು. ಪಂಪು ನೀರು ಎತ್ತುತ್ತಿಲ್ಲ ಅಂತ ಟ್ಯಾಂಕ್ ಬದಲಿಸಿದ ಹಾಗಾಯಿತು ನನ್ನ ಕೆಲಸ. ಆಮೇಲೆ ಹಟಕ್ಕೆ ಬಿದ್ದು, ಕೈಗೆ ಸಿಕ್ಕ ಎಲ್ಲ ಪರೀಕ್ಷೆಗಳನ್ನೂ ಒಂದೇ ಟ್ರ್ಯಾಕ್ಟರಿನ ಮೇಲೆ, ಒಂದೇ ವಾರದಲ್ಲಿ ಮಾಡಿ ನೋಡಿದೆ.

ಮೊದಲನೆಯದು ಟರ್ಮಿನಲ್ ಕೀಳುವ ಪರೀಕ್ಷೆ. ಗೊತ್ತಿರುವ ಮೆಕ್ಯಾನಿಕ್ ಒಬ್ಬರು ಬಂದು, ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಮೈನಸ್ ವೈರ್ ಕಿತ್ತರು. ಇಂಜಿನ್ ನಿಲ್ಲಲಿಲ್ಲ. 'ಆಲ್ಟರ್ನೇಟರ್ ಗಟ್ಟಿ ಇದೆ, ಬ್ಯಾಟರಿದೇ ತೊಂದರೆ' ಅಂತ ತೀರ್ಪು ಕೊಟ್ಟು ಹೋದರು. ಆಲ್ಟರ್ನೇಟರ್ ಅಂದರೆ ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ. ಸ್ವಲ್ಪ ಹೊತ್ತಿನ ಮೇಲೆ ನನಗೆ ಹೊಳೆಯಿತು. ನಮ್ಮದು ಡೀಸೆಲ್ ಇಂಜಿನ್, ನಾಬ್ ಎಳೆದು ಆಫ್ ಮಾಡುವ ಹಳೇ ತರಹದ್ದು. ಒಮ್ಮೆ ಹೊತ್ತಿಕೊಂಡರೆ ಅದಕ್ಕೆ ಕರೆಂಟೇ ಬೇಡ. ಬ್ಯಾಟರಿ, ಆಲ್ಟರ್ನೇಟರ್ ಎರಡನ್ನೂ ಬಿಚ್ಚಿ ಅಟ್ಟದ ಮೇಲಿಟ್ಟರೂ ಓಡುತ್ತದೆ! ಹಾಗಿರುವಾಗ ಈ ಪರೀಕ್ಷೆ ಏನು ಹೇಳಿದ ಹಾಗಾಯಿತು? ಏನೂ ಇಲ್ಲ. ಮೇಲಿಂದ ಅಪಾಯ ಬೇರೆ. ಬ್ಯಾಟರಿ ತಟ್ಟನೆ ಕಳಚಿದರೆ ವೋಲ್ಟೇಜ್ ಜಿಗಿಯುತ್ತದೆ, ಆಲ್ಟರ್ನೇಟರ್ ಒಳಗಿನ ಡಯೋಡು, ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರು ಸುಡಬಹುದು. ಯಾರಾದರೂ ಸ್ಪ್ಯಾನರ್ ಹಿಡಿದು ಹಾಗೆ ಮಾಡಲು ಬಂದರೆ ಚಹಾ ಕೊಟ್ಟು ಕಳಿಸಿ.

ಎರಡನೆಯದು ಟೆಸ್ಟ್ ಬಲ್ಬು. ಇಂಡಿಕೇಟರಿಗೆ ಹಾಕುವ 12 ವೋಲ್ಟಿನ 21 ವಾಟ್ ಬಲ್ಬು, ಹೋಲ್ಡರು, ಎರಡು ತುಂಡು ವೈರು. ಎಲ್ಲ ಸೇರಿ 60 ರೂಪಾಯಿ. ಕೀ ಆಫ್ ಮಾಡಿ ಮೈನಸ್ ವೈರ್ ಬಿಚ್ಚಿ, ಬ್ಯಾಟರಿಗೂ ಆ ವೈರಿಗೂ ನಡುವೆ ಬಲ್ಬು ಹಿಡಿದೆ. ಹೊತ್ತಲಿಲ್ಲ. ಅಂದರೆ ರಾತ್ರಿ ಹೊತ್ತು ಕರೆಂಟ್ ದೊಡ್ಡದಾಗಿ ಎಲ್ಲೂ ಸೋರುತ್ತಿಲ್ಲ. ಸಣ್ಣ ಸೋರಿಕೆಗೆ ಈ ಬಲ್ಬು ಮಿಣುಕುವುದೂ ಇಲ್ಲ, ಆದರೆ ಮೂರು ದಿನಕ್ಕೆ ಬ್ಯಾಟರಿ ಖಾಲಿ ಮಾಡುವಷ್ಟು ಸೋರಿದ್ದರೆ ಸುಳಿವಾದರೂ ಸಿಗುತ್ತಿತ್ತು. ಬಲ್ಬು ಕಳ್ಳನನ್ನು ಹಿಡಿಯಲಿಲ್ಲ. ಒಬ್ಬನನ್ನು ಪಟ್ಟಿಯಿಂದ ತೆಗೆದುಹಾಕಿತು, ಅಷ್ಟೆ.

ಆದರೂ ಬಲ್ಬನ್ನು ಹಗುರವಾಗಿ ನೋಡಬೇಡಿ. ಅದರ ಹಿಂದಿನ ವರ್ಷ ಹಿಂಬದಿ ಕೆಲಸದ ಲೈಟು ಉರಿಯುತ್ತಿರಲಿಲ್ಲ. ಮೀಟರ್ ಇಟ್ಟರೆ 12.4 ವೋಲ್ಟ್ ಜುಮ್ಮಂತ ತೋರಿಸುತ್ತಿತ್ತು. ಬಲ್ಬು ಇಟ್ಟರೆ ಕತ್ತಲೆ. ಇಲಿ ಕಡಿದ ವೈರಿನ ತುದಿಗಳು ಕಿಲುಬು ಹಿಡಿದು, ಹೆಸರಿಗಷ್ಟೇ ತಾಗಿಕೊಂಡಿದ್ದವು. ಮೀಟರಿಗೆ ಅಷ್ಟು ತಾಗಿದ್ದರೆ ಸಾಕು, ಬಲ್ಬಿಗೆ ಸಾಲದು. ಆ ವಿಷಯದಲ್ಲಿ 60 ರೂಪಾಯಿಯ ಬಲ್ಬೇ ಮೇಲು.

ಹೈಡ್ರೋಮೀಟರ್ ಬಗ್ಗೆ ಈಗ ಯಾರೂ ಮಾತಾಡುವುದಿಲ್ಲ. ಬೋರ್ಡೋ ಕಲೆಸಿದಾಗ ಕತ್ತಿ ಅದ್ದಿ ನೋಡುತ್ತೇವಲ್ಲ, ಕೆಂಪಾದರೆ ಸುಣ್ಣ ಸಾಲದು ಅಂತ? ಅದೇ ಜಾತಿಯ ಸಾಧನ ಇದು. ಬ್ಯಾಟರಿಯ ಮುಚ್ಚಳ ತೆಗೆದು ಆ್ಯಸಿಡ್ ಹೀರಿದರೆ ತೇಲುವ ಬುರುಡೆ ಆ್ಯಸಿಡ್ ಎಷ್ಟು ಗಟ್ಟಿ ಅಂತ ಅಂಕಿ ಹೇಳುತ್ತದೆ. ಆರು ಸೆಲ್ಲಿನಲ್ಲೂ ಹೆಚ್ಚು ಕಡಿಮೆ 1.180 ಬಂತು. ಅಂಕಿ ಕಡಿಮೆ, ಆದರೆ ಆರೂ ಒಂದೇ ಸಮ. ಒಂದು ಸೆಲ್ ಉಳಿದವಕ್ಕಿಂತ 0.050 ಹಿಂದಿದ್ದರೆ ಬ್ಯಾಟರಿಯನ್ನು ಅನುಮಾನಿಸಬೇಕು. ಎಲ್ಲವೂ ಸಮನಾಗಿ ಇಳಿದಿದ್ದರೆ ಅದು ಚಾರ್ಜ್ ಸಿಗದೆ ಉಪವಾಸ ಬಿದ್ದಿದೆ ಅಂತ ಅರ್ಥ. 150 ರೂಪಾಯಿಯ ಈ ಗಾಜಿನ ಕೊಳವೆ ಮೊದಲೇ ಮನೆಯಲ್ಲಿದ್ದರೆ! ಒಂದೇ ತೊಡಕು: ಸೀಲ್ ಆದ ಬ್ಯಾಟರಿಗೆ ಇದು ನಡೆಯುವುದಿಲ್ಲ. ಆ್ಯಸಿಡ್ ಬಟ್ಟೆಗೆ ಬಿದ್ದರೆ ತೂತು ಬೀಳುವುದೂ ಗ್ಯಾರಂಟಿ. ಲುಂಗಿ ಕಳೆದುಕೊಂಡವನ ಮಾತಿದು.

ಈಗ ಮೀಟರಿಗೆ ಬರೋಣ. 300 ರೂಪಾಯಿಯ ಸಾದಾ ಡಿಜಿಟಲ್ ಮಲ್ಟಿಮೀಟರ್. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿಯಲ್ಲಿ 12.1 ವೋಲ್ಟ್ ಇತ್ತು. ತುಂಬಿದ ಬ್ಯಾಟರಿಯಾಗಿದ್ದರೆ 12.6 ಆಸುಪಾಸು ಇರಬೇಕು. ಇಂಜಿನ್ ಓಡಿಸಿ ಆ್ಯಕ್ಸಿಲರೇಟರ್ ಕೊಟ್ಟಾಗ 13.0. ಲೈಟ್ ಹಾಕಿದಾಗ 12.5ಕ್ಕೆ ಇಳಿಯಿತು. 13.8ರಿಂದ 14.5ರ ಒಳಗೆ ಇರಬೇಕಾದ ಜಾಗ ಅದು. ಇಷ್ಟು ನೋಡಿದವರು ಯಾರಾದರೂ 'ಆಲ್ಟರ್ನೇಟರ್ ಹೋಯಿತು' ಅನ್ನುತ್ತಾರೆ. ನಾನೂ ಅಂದೆ. ಹೊಸದರ ರೇಟ್ ಕೇಳಲು ಅಂಗಡಿಗೆ ಫೋನ್ ಕೂಡ ಮಾಡಿದೆ. ಲೈನ್ ಸಿಗಲಿಲ್ಲ, ಪುಣ್ಯ.

ಸುಮ್ನೆ ಕೂರಲಾಗದೆ ಮೀಟರಿನ ಕಡ್ಡಿಗಳನ್ನು ಬ್ಯಾಟರಿಯಿಂದ ತೆಗೆದು ಆಲ್ಟರ್ನೇಟರಿನ ಮೇಲೇ ಇಟ್ಟೆ. ಕೆಂಪು ಕಡ್ಡಿ ದಪ್ಪ ವೈರಿನ ಬೋಲ್ಟಿಗೆ, ಕಪ್ಪು ಅದರ ಮೈಗೆ. ಬೆಲ್ಟಿನ ಹತ್ತಿರ ಕೈ ಹೋಗದ ಹಾಗೆ ನೋಡಿಕೊಂಡೆ. ಲೈಟ್ ಉರಿಯುತ್ತಿದ್ದಾಗಲೇ 14.2! ಅಲ್ಲಿ 14.2, ಇಲ್ಲಿ 12.5. ನಡುವೆ 1.7 ವೋಲ್ಟ್ ಎಲ್ಲಿಗೆ ಹೋಯಿತು? ಆಲ್ಟರ್ನೇಟರಿನ ರೆಗ್ಯುಲೇಟರು ತನ್ನ ಬಾಗಿಲಲ್ಲಿ ವೋಲ್ಟೇಜ್ ಸರಿ ಇದೆ ಅಂತ ನೆಮ್ಮದಿಯಾಗಿತ್ತು. ದಾರಿಯಲ್ಲಿ ಲೂಟಿ ಆಗುತ್ತಿರುವುದು ಅದಕ್ಕೆ ಕಾಣುವುದಿಲ್ಲ.

ಮುಂದಿನದು ಸುಲಭ. ಒಂದು ಕಡ್ಡಿ ಆಲ್ಟರ್ನೇಟರಿನ ದಪ್ಪ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್‌ಗೆ ಹಿಡಿದರೆ 1.6. ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್‌ಗೂ ನಡುವೆ ಬರೀ 0.1. ಅರ್ತಿಂಗ್ ಚೆನ್ನಾಗಿದೆ, ಪ್ಲಸ್ ದಾರಿ ಕೆಟ್ಟಿದೆ. ಆ ದಾರಿಯಲ್ಲಿ 0.3 ವೋಲ್ಟಿಗಿಂತ ಜಾಸ್ತಿ ಕಳೆಯಬಾರದು. ಈ ಪರೀಕ್ಷೆಯನ್ನು ಇಂಜಿನ್ ಓಡುತ್ತಾ, ಲೈಟ್ ಉರಿಯುತ್ತಾ ಇರುವಾಗಲೇ ಮಾಡಬೇಕು. ಕರೆಂಟ್ ಹರಿಯದಿದ್ದರೆ ಮೀಟರ್ ಎಲ್ಲ ಸರಿ ಇದೆ ಅಂತಲೇ ಹೇಳುತ್ತದೆ.

ಇಂಜಿನ್ ಆಫ್ ಮಾಡಿ ವೈರನ್ನು ಕೈಯಲ್ಲಿ ಸವರುತ್ತಾ ಹೋದೆ. ಡ್ಯಾಶ್‌ಬೋರ್ಡಿನ ಕೆಳಗಿನ ಕನೆಕ್ಟರ್ ಮುಟ್ಟಿದರೆ ಚುರ್ ಅಂದಿತು. ಬಿಚ್ಚಿದರೆ ಒಳಗೆಲ್ಲ ಹಸಿರು, ಪ್ಲಾಸ್ಟಿಕ್ ಒಂದು ಕಡೆ ಕಂದಿತ್ತು. ಮೈಲುತುತ್ತ ಸೋರಿದ್ದೋ ಅಂದುಕೊಂಡೆ. ಇಲ್ಲ, ತಾಮ್ರಕ್ಕೇ ಹಿಡಿದ ಕಿಲುಬು. ಪ್ರತಿ ಸಲ ಬೋರ್ಡೋ ಹೊಡೆದ ಮೇಲೆ ಪ್ರೆಶರ್ ಪೈಪಿನಲ್ಲಿ ಟ್ರ್ಯಾಕ್ಟರ್ ತೊಳೆಯುವವನು ನಾನೇ. ನೀರು ನುಗ್ಗಿಸಿದವನೂ ನಾನೇ.

ಕ್ಲ್ಯಾಂಪ್ ಮೀಟರ್ ಕಥೆ ಚಿಕ್ಕದು. ಸೋಲಾರ್ ಫಿಟ್ಟಿಂಗ್ ಮಾಡುವ ಪರಿಚಯದವರಿಂದ ಒಂದು ದಿನಕ್ಕೆ ತಂದಿದ್ದೆ. ವೈರ್ ಬಿಚ್ಚದೆ ದವಡೆಯಲ್ಲಿ ಕಚ್ಚಿಸಿದರೆ ಸಾಕು, ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ತೋರಿಸುತ್ತದೆ. ಬ್ಯಾಟರಿಗೆ ಲೈಟ್ ಆಫ್ ಇದ್ದಾಗ 6 ಆಂಪಿಯರ್, ಲೈಟ್ ಹಾಕಿದಾಗ ಬರೀ 1 ಹೋಗುತ್ತಿತ್ತು. ಮೋಡದ ದಿನ ತೋಟದೊಳಗೆ ಲೈಟ್ ಹಾಕಿಯೇ ಓಡಿಸುತ್ತೇವೆ, ಹಾಗಾಗಿ ಮೂರನೇ ದಿನದ ಗುಟ್ಟು ಇದರಿಂದಲೇ ಪೂರ್ತಿ ಅರ್ಥವಾಯಿತು. ಆದರೆ ಎಲ್ಲಿ ತೊಂದರೆ ಅಂತ ಅದು ಹೇಳಲಿಲ್ಲ. ಅಂಥದ್ದಕ್ಕೆ ಸುಮಾರು 3,000 ರೂಪಾಯಿ ಕೊಡಬೇಕು. ಕೊಳ್ಳುವುದಿದ್ದರೆ ಡಿಸಿ ಆಂಪಿಯರ್ ಅಳೆಯುತ್ತದೆಯೇ ಅಂತ ಕೇಳಿಯೇ ಕೊಳ್ಳಿ. ಕಡಿಮೆ ಬೆಲೆಯ ಬಹಳಷ್ಟು ಕ್ಲ್ಯಾಂಪುಗಳು ಎಸಿ ಮಾತ್ರ ಅಳೆಯುತ್ತವೆ, ಬ್ಯಾಟರಿ ಕೆಲಸಕ್ಕೆ ದಂಡ.

ನನ್ನ ಟೂಲ್ ಪೆಟ್ಟಿಗೆಯಲ್ಲಿ ಈಗ ಮೀಟರು, ಬಲ್ಬು, ಹೈಡ್ರೋಮೀಟರು ಮೂರೂ ಇವೆ. ಒಂದೇ ಸಾಕು ಅನ್ನುವವರಿಗೆ ಮೀಟರು. ಆದರೆ ಅದನ್ನು ಬ್ಯಾಟರಿಯ ಮೇಲೊಂದೇ ಇಟ್ಟು ತೀರ್ಪು ಕೊಡುವುದಾದರೆ ಬೇಡ.

ಆ ಕನೆಕ್ಟರ್ ಕತ್ತರಿಸಿ ಬಿಸಾಡಿದೆ. ಹೊಸ ದಪ್ಪ ವೈರು, ಅದರ ತುದಿಗೆ ಗಟ್ಟಿಯಾಗಿ ಒತ್ತಿದ ಲಗ್ಗು, ಮೇಲೊಂದು ರಬ್ಬರ್ ಕೊಳವೆ, ಎಲ್ಲ ಸೇರಿ 120 ರೂಪಾಯಿ. ಈಗ ಲೈಟ್ ಹಾಕಿದರೂ ಬ್ಯಾಟರಿಯಲ್ಲಿ 13.9 ಇರುತ್ತದೆ. ಎಕ್ಸ್‌ಚೇಂಜ್‌ಗೆ ಕೊಟ್ಟ ಆ ಹಳೇ ಬ್ಯಾಟರಿಗೆ ಮಾತ್ರ ಹೈಡ್ರೋಮೀಟರ್ ಹಾಕಿ ನೋಡಲಾಗಲಿಲ್ಲ.